ಮಂಜು ಹಾಗೇ ಇದ್ದಿದ್ರೆ ಒಳ್ಳೇದಿತ್ತಾ? ಫ್ಯಾಂಟಸಿ ಕತೆಗಳಲ್ಲಿ ನೆನಪು, ಮರೆವು

ಬೆಳ್ಳಂದೂರು ಓದುಗಿ

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ಇಶಿಗುರೊ ಅವರ ‘ದಿ ಬರೀಡ್ ಜೈಂಟ್’ ಕತೆ ಕೊನೇಲಿ ಏನಾಗುತ್ತೆ ಅನ್ನೋದು ಇಲ್ಲಿ ಬರುತ್ತೆ, ಓದ್ಬೇಕು ಅಂತಿರೋರು ಪುಸ್ತಕ ಮುಗಿಸ್ಕೊಂಡು ಬನ್ನಿ.

2015ರಲ್ಲಿ ಬಂದ ಪುಸ್ತಕ, ನಾನು ಓದಿದ್ದು ಈಗ, ಆಫೀಸಿಗೆ ಹೋಗ್ತಾ ಬರ್ತಾ ರಿಂಗ್ ರೋಡ್ ಬಸ್ಸಲ್ಲಿ. ಆರ್ಥರ್ ರಾಜ ಸತ್ತು ಎಷ್ಟೋ ವರ್ಷ ಆಗಿರೋ ಕಾಲ, ಬ್ರಿಟನ್ ತುಂಬಾ ಒಂದು ಮಂಜು ಕವ್ಕೊಂಡಿದೆ, ಆ ಮಂಜಿಂದ ಜನಕ್ಕೆ ಏನೂ ನೆನಪಿರಲ್ಲ. ಹಳೇದಷ್ಟೇ ಅಲ್ಲ, ಬೆಳಿಗ್ಗೆ ನಡೆದಿದ್ದು ಸಂಜೆ ಹೊತ್ತಿಗೆ ಹೋಗಿರುತ್ತೆ. ಶುರುವಲ್ಲೇ ಒಂದು ಪ್ರಸಂಗ ಇದೆ, ಮಾರ್ತಾ ಅನ್ನೋ ಪುಟ್ಟ ಹುಡುಗಿ ಕಾಣ್ತಿಲ್ಲ ಅಂತ ಊರಿಗೆ ಊರೇ ಗಾಬರಿ ಬಿದ್ದಿರುತ್ತೆ, ಅಷ್ಟರಲ್ಲಿ ಕುರಿ ಕಾಯೋರು ಯಾವ್ದೋ ಹದ್ದು ನೋಡಿದ್ವಿ ಅಂತಾರೆ, ಅದು ಯಾವ ಹದ್ದು ಅಂತ ಜಗಳ ಹತ್ಕೊಂಡು ಹುಡುಗಿ ವಿಷಯಾನೇ ಎಲ್ರೂ ಮರ್ತುಬಿಡ್ತಾರೆ. ಕತ್ತಲಾಗೋ ಹೊತ್ತಿಗೆ ಅವಳೇ ವಾಪಸ್ ಬರ್ತಾಳೆ, ಅದೂ ಯಾರಿಗೂ ದೊಡ್ಡ ಸುದ್ದಿ ಅಲ್ಲ. ಆ ಪುಟ ಓದಿ ನಂಗೆ ಮೈ ಜುಮ್ಮಂತು.

ಆಕ್ಸಲ್, ಬಿಯಾಟ್ರಿಸ್ ಅಂತ ವಯಸ್ಸಾದ ಗಂಡ ಹೆಂಡ್ತಿ ಮಗನ್ನ ನೋಡ್ಕೊಂಡು ಬರೋಣ ಅಂತ ಹೊರಡ್ತಾರೆ, ಮಗ ಎಲ್ಲಿದಾನೆ ಯಾಕೆ ಬಿಟ್ಟು ಹೋದ ಅಂತ ಇಬ್ರಿಗೂ ಸರಿಯಾಗಿ ಗೊತ್ತಿಲ್ಲ. ಆ ಮಂಜು ಕ್ವೆರಿಗ್ ಅನ್ನೋ ಡ್ರ್ಯಾಗನ್‌ನ ಉಸಿರು, ಅದಕ್ಕೆ ಮಂತ್ರ ಹಾಕಿದ್ದು ಮರ್ಲಿನ್. ಯಾಕಂದ್ರೆ ಆರ್ಥರ್ ಕಡೆಯೋರು ಮಾತು ಮುರಿದು ಸ್ಯಾಕ್ಸನ್ ಹೆಂಗಸರು ಮಕ್ಕಳನ್ನ ಕೊಂದಿದ್ರು, ಅದು ಜನಕ್ಕೆ ಮರ್ತು ಹೋದ್ರೆ ಸೇಡಿನ ಮಾತೇ ಇರಲ್ಲ ಅಂತ. ಮಂತ್ರ ಕೆಲಸ ಮಾಡಿದೆ! ಎರಡೂ ಜನ ಅಕ್ಕಪಕ್ಕದ ಊರಲ್ಲಿ ನೆಮ್ಮದಿಯಾಗಿದಾರೆ. ಕೊನೇಲಿ ವಿಸ್ಟನ್ ಅನ್ನೋ ಸ್ಯಾಕ್ಸನ್ ವೀರ ಬಂದು ಡ್ರ್ಯಾಗನ್ ಕೊಲ್ತಾನೆ, ಇನ್ಮೇಲೆ ಹಳೇ ದ್ವೇಷ ಎದ್ದೇಳುತ್ತೆ ಅಂತ ಗೊತ್ತಿದ್ದೇ ಕೊಲ್ತಾನೆ. ಆ ಮುದುಕ ಮುದುಕಿಗೂ ಎಲ್ಲಾ ನೆನಪಾಗುತ್ತೆ, ಅವಳು ಒಂದ್ಸಲ ದಾರಿ ತಪ್ಪಿದ್ದು, ಮಗ ಸತ್ತಿರೋದು, ಅವನ ಸಮಾಧಿ ನೋಡೋಕೂ ಇವನು ಬಿಡದೇ ಇದ್ದಿದ್ದು.

ನಮ್ಮ ಓದುಗರ ಗುಂಪಲ್ಲಿ ಹೆಚ್ಚುಕಮ್ಮಿ ಎಲ್ರೂ ವಿಸ್ಟನ್ ಮಾಡಿದ್ದೇ ಸರಿ ಅಂದ್ರು, ಸತ್ಯ ಹೊರಗೆ ಬರ್ಲೇಬೇಕು, ಮುಚ್ಚಿಟ್ಟು ಕಟ್ಟಿದ ಶಾಂತಿ ಶಾಂತಿ ಅಲ್ಲ ಅಂತ. ನಂಗೆ ಒಪ್ಕೊಳ್ಳೋಕೆ ಆಗ್ತಿಲ್ಲ. ನೆನಪು ಬಂದು ಯಾರಿಗೆ ಒಳ್ಳೇದಾಯ್ತು ಆ ಪುಸ್ತಕದಲ್ಲಿ? ಫ್ಯಾಂಟಸಿ ಕತೆಗಳು ಯಾಕೆ ಯಾವಾಗ್ಲೂ ಮರೆವನ್ನ ಶಾಪ ಅಂತಾನೇ ನೋಡ್ತವೆ? ಇನ್ನೊಂದು ಪ್ರಶ್ನೆ, ನಾನೂ ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಶುರು ಮಾಡಿದೀನಿ, ಮಳೆ ಬಂದಾಗೆಲ್ಲ ಒಂದಿಷ್ಟು ಮರೆಯೋ ಊರಿನ ಕತೆ. ಸಿನಿಮಾದಲ್ಲಿ ತಲೆಗೆ ಏಟು ಬಿದ್ದು ನೆನಪು ಹೋಗಿ ಇನ್ನೊಂದು ಏಟಿಗೆ ವಾಪಸ್ ಬರೋ ಥರ ಆಗ್ಬಾರ್ದು. ನಮ್ಮ ಕಡೆ ಇದನ್ನ ಹೇಗೆ ಬರ್ದಿದಾರೆ, ಎಲ್ಲಿಂದ ಓದೋಕೆ ಶುರು ಮಾಡ್ಲಿ?

ಗಾಂಧಿಬಜಾರ್ ಮೇಷ್ಟ್ರು

ಒಳ್ಳೇ ಪ್ರಶ್ನೆ ಕೇಳಿದೀಯಮ್ಮ. ಇಶಿಗುರೊ ಪುಸ್ತಕ ನಾನೂ ಓದಿದೀನಿ. ಅದಕ್ಕೆ ಉತ್ತರ ಕೊಡೋ ಮುಂಚೆ ಕಾಳಿದಾಸನ ಶಾಕುಂತಲ ನಾಟಕಕ್ಕೆ ಹೋಗ್ಬೇಕು, ಮರೆವನ್ನೇ ಕತೆಯ ಕೀಲು ಮಾಡ್ಕೊಂಡ ಕೃತಿ ನಮ್ಮಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಮಹಾಭಾರತದ ಆದಿಪರ್ವದಲ್ಲಿ ಶಾಪಾನೂ ಇಲ್ಲ, ಉಂಗುರಾನೂ ಇಲ್ಲ. ಶಕುಂತಳೆ ಮಗನ್ನ ಕರ್ಕೊಂಡು ಸಭೆಗೆ ಬರ್ತಾಳೆ, ದುಷ್ಯಂತನಿಗೆ ಎಲ್ಲಾ ನೆನಪಿದೆ, ನೆನಪಿದ್ದೇ ನೀನ್ಯಾರೋ ನಂಗೆ ಗೊತ್ತಿಲ್ಲ ಅಂತಾನೆ. ಅಶರೀರವಾಣಿ ಆದ್ಮೇಲೆ, ನಂಗೆ ಗೊತ್ತಿತ್ತು, ಜನ ಸಂಶಯ ಪಡ್ತಾರೆ ಅಂತ ಹಾಗಂದೆ ಅಂತ ಒಪ್ಕೋತಾನೆ. ಕಾಳಿದಾಸ ಈ ಜಾಗಕ್ಕೆ ದೂರ್ವಾಸರನ್ನ ತಂದ. ಈಗ ರಾಜ ಸುಳ್ಳು ಹೇಳ್ತಿಲ್ಲ, ಪಾಪ, ಅವನಿಗೆ ಮರ್ತೇಹೋಗಿದೆ! ಮರೆವು ಇಲ್ಲಿ ಕಾಪಾಡಿದ್ದು ಯಾರನ್ನ? ರಾಜನ್ನ. ಮರ್ಲಿನ್ ಮಂತ್ರ ಮಾಡಿದ್ದೂ ಇದೇ ಕೆಲಸ, ಆರ್ಥರನ ಹೆಸರಿಗೆ ಮಸಿ ಅಂಟದೇ ಇರೋ ಹಾಗೆ ನೋಡ್ಕೊಳ್ತು. ಅದಕ್ಕೇ ಇಂಥ ಕತೆ ಓದುವಾಗ ಮರೆವು ಶಾಪಾನೋ ವರಾನೋ ಅಂತ ಕೇಳೋಕಿಂತ ಮುಂಚೆ, ಇದರಿಂದ ಬಚಾವಾದೋರು ಯಾರು ಅಂತ ಕೇಳ್ಕೋಬೇಕು. ಮಂಜು ಇದ್ದಾಗ ಶಾಂತಿ ಇತ್ತು ಅಂದ್ಯಲ್ಲ, ಸತ್ತೋರ ಕಡೆಯೋರನ್ನ ಕೇಳಿ ಮಾಡ್ಕೊಂಡ ಶಾಂತಿ ಅಲ್ಲಮ್ಮ ಅದು.

ಆದ್ರೆ ಕಾಳಿದಾಸ ಅಷ್ಟಕ್ಕೇ ಬಿಡೋನಲ್ಲ. ಶಾಪ ಬಿದ್ದ ಕಾರಣ ನೋಡು, ಶಕುಂತಳೆ ಗಂಡನ್ನ ನೆನೀತಾ ಮೈಮರೆತು ಕೂತಿದ್ಲು, ಬಾಗಿಲಿಗೆ ಬಂದ ಋಷಿ ಕಾಣಿಸ್ಲಿಲ್ಲ. ನೀನು ಯಾರನ್ನ ನೆನೀತಿದ್ಯೋ ಅವನೇ ನಿನ್ನ ಮರೀಲಿ ಅಂತ ಶಾಪ. ನೆನೆದಿದ್ದೇ ತಪ್ಪಾಯ್ತು. ಅದೂ ಆ ಶಾಪ ಗೆಳತಿಯರ ಕಿವಿಗೆ ಬಿತ್ತೇ ಹೊರತು ಅವಳ ಕಿವಿಗೆ ಬೀಳ್ಲಿಲ್ಲ, ಏಳನೇ ಅಂಕದಲ್ಲಿ ಮಾರೀಚ ಋಷಿಗಳು ಹೇಳೋವರೆಗೂ ಅವಳಿಗೆ ಗೊತ್ತಾಗಲ್ಲ. ಅಷ್ಟು ವರ್ಷ ಅವಳು ಗಂಡ ಮೋಸಗಾರ ಅಂತಾನೇ ಬದುಕಿದ್ಲು.

ಐದನೇ ಅಂಕದ ಶುರು ಮಾತ್ರ ನೀನು ನಿಧಾನಕ್ಕೆ ಓದ್ಬೇಕು, ಬರೆಯೋಳಾಗಿ ಓದ್ಬೇಕು. ಶಕುಂತಳೆ ಇನ್ನೂ ಅರಮನೆಗೆ ಬಂದಿಲ್ಲ. ಒಳಗಡೆ ರಾಣಿ ಹಂಸಪದಿಕೆ ಹಾಡ್ತಿದಾಳೆ, ರಾಜ ಕೇಳ್ತಾ ಕೂತಿದಾನೆ. ಅವನಿಗೇನೂ ದುಃಖ ಇಲ್ಲ, ಅಗಲಿ ಹೋದೋರು ಯಾರೂ ಇಲ್ಲ, ಆದ್ರೂ ಜೀವ ಚಡಪಡಿಸುತ್ತೆ. ಚಂದದ್ದು ನೋಡಿದಾಗ, ಇಂಪಾದ್ದು ಕೇಳಿದಾಗ ಸುಖವಾಗಿರೋನಿಗೂ ಹೀಗಾಗುತ್ತಲ್ಲ, ಹಿಂದಿನ ಯಾವ್ದೋ ಜನ್ಮದ ಪ್ರೀತಿ ಮನಸ್ಸಿಗೆ ಗೊತ್ತಿಲ್ಲದ ಹಾಗೆ ನೆನಪಾಗ್ತಿರ್ಬೇಕು ಅಂತ ಸಮಾಧಾನ ಮಾಡ್ಕೋತಾನೆ. ಹಿಂದಿನ ಜನ್ಮ ಏನೂ ಅಲ್ಲ, ಈ ಜನ್ಮದ್ದೇ, ಕಣ್ವಾಶ್ರಮದ್ದೇ! ನೋಡೋರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ವಿಷಯ ಅಳಿಸಿಹೋಗಿದೆ, ಅದರ ನೋವು ಮಾತ್ರ ಉಳ್ಕೊಂಡಿದೆ. ನಿನ್ನ ಮಳೆ ಊರಿಗೆ ಬೇಕಾಗಿರೋದು ಇದೇ ಅಂತ ನಂಗನ್ಸುತ್ತೆ. ಏನು ಹೋಯ್ತು ಅನ್ನೋದನ್ನ ಯಾರು ಬೇಕಾದ್ರೂ ಬರೀತಾರೆ, ಹೋದ್ಮೇಲೆ ಏನು ಉಳೀತು ಅನ್ನೋದನ್ನ ಬರಿ.

ಪಂಪನ ಕರ್ಣನ್ನೂ ಓದ್ಕೋ. ಪರಶುರಾಮರ ಶಾಪಾನೂ ಮರೆವಿನದೇ, ಬೇಕಾದ ಹೊತ್ತಿಗೆ ಕಲಿತ ಅಸ್ತ್ರ ನೆನಪಿಗೆ ಬರಬಾರ್ದು ಅಂತ. ಅಂಥ ಕರ್ಣ ಸತ್ತ ಜಾಗದಲ್ಲಿ ಪಂಪ ಓದೋರನ್ನ ಕೇಳ್ಕೊಳ್ಳೋದು ಏನು ಗೊತ್ತಾ, ಭಾರತದಲ್ಲಿ ಬೇರೆ ಯಾರನ್ನೂ ನೆನೀಬೇಡಿ, ನೆನೆಯೋದಾದ್ರೆ ಕರ್ಣನ್ನ ನೆನೀರಿ ಅಂತ. 941ರಲ್ಲಿ ಬರ್ದಿದ್ದು, ಇವತ್ತಿಗೂ ನೆನೀತಿದೀವಿ.

ತಿಗಳರಪೇಟೆ

ಮೇಷ್ಟ್ರೇ, ಐದನೇ ಅಂಕದ ಮಾತು ಹೇಳಿದ್ರಲ್ಲ, ಈ ಸಂಜೆ ಅದನ್ನೇ ತೆಗ್ದು ಓದ್ತೀನಿ.

ಅಕ್ಕ, ನೀವು ‘ಟಿಗಾನಾ’ ಓದಿದೀರಾ? ಗೈ ಗೇವ್ರಿಯಲ್ ಕೇ ಬರೆದಿದ್ದು, 1990ರದ್ದು. ಯಾರು ಬಚಾವಾದ್ರು ಅನ್ನೋ ಪ್ರಶ್ನೆಗೆ ಅಲ್ಲಿ ಉತ್ತರ ಸ್ವಲ್ಪ ಬೇರೆ ಥರ ಇದೆ. ಬ್ರಾಂಡಿನ್ ಅಂತ ಮಂತ್ರವಾದಿ ರಾಜ, ಟಿಗಾನಾ ಅನ್ನೋ ನಾಡಿನ ಮೇಲೆ ಯುದ್ಧಕ್ಕೆ ಹೋದಾಗ ಅಲ್ಲಿ ಅವನ ಮಗ ಸಾಯ್ತಾನೆ. ಅವನು ನಾಡನ್ನ ಗೆದ್ದು ಸುಟ್ಟು ಹಾಕಿ ಅಷ್ಟಕ್ಕೆ ಸುಮ್ನಾಗಲ್ಲ, ಆ ನಾಡಿನ ಹೆಸರನ್ನೇ ಲೋಕದಿಂದ ಅಳಿಸ್ತಾನೆ. ಅಲ್ಲಿ ಹುಟ್ಟಿದೋರನ್ನ ಬಿಟ್ರೆ ಬೇರೆ ಯಾರಿಗೂ ಆ ಹೆಸರು ಕಿವಿಗೆ ಬೀಳೋದೇ ಇಲ್ಲ, ಎದುರಿಗೆ ನಿಂತು ಕೂಗಿ ಹೇಳಿದ್ರೂ ಕೇಳಲ್ಲ. ಅದಕ್ಕೆ ಹೊಸ ಹೆಸರು ಇಡ್ತಾನೆ, ಯಾವ ಪಕ್ಕದ ನಾಡಿನ ಜೊತೆ ಅವರಿಗೆ ತಲೆತಲಾಂತರದ ಹಗೆ ಇತ್ತೋ ಆ ನಾಡಿನ ಹೆಸರಿಗೇ ಸೇರಿಸಿ ‘ಲೋಯರ್ ಕೋರ್ಟೆ’ ಅಂತ. ಟಿಗಾನಾದಲ್ಲಿ ಹುಟ್ಟಿದ ಕೊನೇ ಮನುಷ್ಯ ಸತ್ತಾಗ ಹೆಸರೂ ಸತ್ತಂಗೆ. ಕೊಂದಿರೋದಕ್ಕಿಂತ ಇದು ಕ್ರೂರ ಅನ್ಸುತ್ತೆ ಓದುವಾಗ. ಆದ್ರೆ ಇಷ್ಟೆಲ್ಲಾ ಮಾಡಿದೋನು ಮಗನ್ನ ಮರೆಯೋಕಾಗದ ಅಪ್ಪ. ಅವನ ನೆನಪು ಅಷ್ಟು ಉರೀತಿರೋದ್ರಿಂದ್ಲೇ ಬೇರೆಯೋರು ಮರೀಬೇಕಾಯ್ತು.

ನಾನು ಇದನ್ನ ಓದಿದ್ದು ಕರಗದ ಟೈಮಲ್ಲಿ, ಅದಕ್ಕೇ ನಂಗೆ ಜಾಸ್ತಿ ತಟ್ಟಿರ್ಬಹುದು. ಸಂಪಂಗಿ ಕೆರೆ ಅಂದ್ರೆ ನಮ್ಮ ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ, ಕಂಠೀರವ ಸ್ಟೇಡಿಯಂ ಅಂದ್ರೆ ಎಲ್ರಿಗೂ ಗೊತ್ತು. ಆ ಸ್ಟೇಡಿಯಂ ಇರೋದೇ ಕೆರೆ ಅಂಗಳದಲ್ಲಿ. ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದೆ, ದಿನಾ ಎಷ್ಟು ಲಕ್ಷ ಜನ ಓಡಾಡ್ತಾರೆ, ಕೆರೆ ಹೆಸರು ಅವರ ಕಿವಿಗೆ ಬೀಳಲ್ಲ, ಟಿಗಾನಾ ಥರಾನೇ. ಅಕ್ಕಿತಿಮ್ಮನಹಳ್ಳಿ ಕೆರೆ ಇದ್ದಲ್ಲಿ ಹಾಕಿ ಆಟದ ಸ್ಟೇಡಿಯಂ ಆಯ್ತು. ಆದ್ರೆ ಸಂಪಂಗಿ ಕೆರೆಯದ್ದು ಒಂದು ಸಣ್ಣ ಚೌಕದ ಹೊಂಡ ಉಳ್ಕೊಂಡಿದೆ, ಕರಗದ ಪೂಜೆಗೆ ನಮ್ಮೋರು ಇವತ್ತಿಗೂ ಅಲ್ಲಿಗೆ ಹೋಗ್ತಾರೆ, ಕೆರೆ ಇದ್ದಾಗ ಹೋಗ್ತಿದ್ದ ಹಾಗೇ. ಧರ್ಮರಾಯನ ಗುಡಿಯಿಂದ ಹೊರಟಾಗ ವೀರಕುಮಾರರು ಕತ್ತಿ ಹಿಡ್ಕೊಂಡು ಜೊತೆಗಿರ್ತಾರೆ, ಸುತ್ತ ಮುತ್ತ ಟ್ರಾಫಿಕ್, ಅಲ್ಲಿ ನೀರಿದೆ ಅಂತ ಗೊತ್ತಿರೋದು ಆ ಕಾಲುಗಳಿಗೆ ಮಾತ್ರ. ಮೇಷ್ಟ್ರು ಹೇಳಿದ್ದು ಊರಿಗೂ ಅನ್ವಯ ಆಗುತ್ತೆ ಅಂತ ನಾನು ಹೇಳ್ತಿರೋದು, ಊರು ಮರ್ತಿದ್ದನ್ನ ಆಚರಣೆ ಇಟ್ಕೊಂಡಿರುತ್ತೆ. ನಿಮ್ಮ ಕಾದಂಬರೀಲೂ ಮಳೆಗೆ ತೊಳ್ಕೊಂಡು ಹೋಗದ ಒಂದು ಆಚರಣೆ ಇರ್ಲಿ ಅಕ್ಕ, ಜನಕ್ಕೆ ಅದು ಯಾಕೆ ಮಾಡ್ತೀವಿ ಅಂತ ಗೊತ್ತಿರ್ಬಾರ್ದು, ಆದ್ರೂ ಮಾಡ್ಬೇಕು.

ಬೆಳ್ಳಂದೂರು ಓದುಗಿ

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ತಿಗಳರಪೇಟೆ, ಆಚರಣೆ ವಿಷಯ ನೋಟ್ಸಿಗೆ ಬರ್ಕೊಂಡೆ. ಆದ್ರೆ ನನ್ನ ಮೊದಲನೇ ಪ್ರಶ್ನೆ ಹಾಗೇ ಇದೆ. ರಾಜರು ಮಂತ್ರವಾದಿಗಳು ಅವರ ಲಾಭಕ್ಕೆ ಜನರನ್ನ ಮರೆಸ್ತಾರೆ ಅನ್ನೋದು ಸರಿ. ಆಕ್ಸಲ್ ಬಿಯಾಟ್ರಿಸ್ ವಿಷಯದಲ್ಲಿ? ಅವರಿಬ್ಬರೂ ಮಂಜಲ್ಲೇ ಅಷ್ಟು ಪ್ರೀತಿಯಿಂದ ಬದುಕ್ತಿದ್ರು. ಅಲ್ಲಿ ಯಾವ ರಾಜನ ಲಾಭಾನೂ ಇಲ್ವಲ್ಲ.

ಕೆಂಗೇರಿ ಉಪನಗರ

ಅದಕ್ಕೆ ನಾನು ಹೇಳ್ಬಹುದು. ನಮ್ಮತ್ತೆಗೆ ಮರೆವಿನ ಕಾಯಿಲೆ. ನಮ್ಮನೇಲೇ ಇದಾರೆ, ನೋಡ್ಕೊಳ್ತಿರೋದು ನಾನೇ. ಅದಕ್ಕೇ ಇಂಥ ಕಾದಂಬರಿ ನಾನು ಹುಡುಕ್ಕೊಂಡು ಓದ್ತೀನಿ, ಸುಮಾರು ಪುಸ್ತಕಗಳಲ್ಲಿ ನೆನಪನ್ನ ಫೋನಲ್ಲಿರೋ ಫೋಟೋ ಥರ ತೋರಿಸ್ತಾರೆ, ಡಿಲೀಟ್ ಆಯ್ತು ಅಂದ್ರೆ ಪೂರ್ತಿ ಹೋಯ್ತು. ಮನೇಲಿ ನೋಡಿದೋರಿಗೆ ಗೊತ್ತು ಹಾಗಿರಲ್ಲ ಅಂತ.

ನಮ್ಮತ್ತೆಗೆ ನನ್ನ ಹೆಸರು ಗೊತ್ತಿಲ್ಲ, ಮಗನ್ನ ತಮ್ಮ ಅಣ್ಣ ಅಂದ್ಕೊಂಡಿದಾರೆ. ಅವರ ಮೈದುನ ಒಬ್ರು ಆಗಾಗ ನೋಡೋಕೆ ಬರ್ತಾರೆ. ಎಷ್ಟೋ ವರ್ಷದ ಹಿಂದೆ ಊರಿನ ಜಮೀನು ಭಾಗ ಮಾಡುವಾಗ ಅವರಿಗೂ ಇವರಿಗೂ ದೊಡ್ಡ ಜಗಳ ಆಗಿತ್ತು, ಆಮೇಲೆ ರಾಜಿ ಆಗಿದಾರೆ ಅನ್ನಿ. ಅತ್ತೆಗೆ ಈಗ ಜಮೀನೂ ನೆನಪಿಲ್ಲ, ಜಗಳಾನೂ ನೆನಪಿಲ್ಲ, ಅವರು ಯಾರು ಅಂತಾನೂ ಗೊತ್ತಿಲ್ಲ, ಯಾರಪ್ಪ ನೀನು ಅಂತ ನಗ್ತಾ ಮಾತಾಡಿಸ್ತಾರೆ. ಆದ್ರೆ ಅವರು ಕಾಫಿ ಲೋಟ ಹಿಡಿದು ಕೊಟ್ರೆ ತಗೊಳ್ಳಲ್ಲ. ಕೈ ಹಿಂದಕ್ಕೆ ಎಳ್ಕೊಂಡು ಸೆರಗಲ್ಲಿ ಮುಚ್ಕೋತಾರೆ. ಅದೇ ಲೋಟಾನ ನಾನು ತಗೊಂಡು ಕೊಟ್ರೆ ಕುಡೀತಾರೆ. ಪ್ರತಿ ಸಲಾನೂ ಹಾಗೇ. ಮೇಷ್ಟ್ರು ದುಷ್ಯಂತನ ಬಗ್ಗೆ ಬರ್ದಿದ್ದು ಓದ್ದಾಗ ನಂಗೆ ಆ ಸೆರಗು ಕಣ್ಮುಂದೆ ಬಂತು.

ಅದಕ್ಕೇ ಬಿಯಾಟ್ರಿಸ್ ಆಕ್ಸಲ್ ಮಂಜಲ್ಲಿ ನೆಮ್ಮದಿಯಾಗಿದ್ರು ಅನ್ನೋದನ್ನ ನಾನು ಒಪ್ಪಲ್ಲ. ಇನ್ನೊಂದ್ಸಲ ಓದಿ ನೋಡಿ, ಅವಳು ದಾರಿ ಉದ್ದಕ್ಕೂ ‘ಅಲ್ಲೇ ಇದೀಯಾ ಆಕ್ಸಲ್’ ಅಂತ ಕೇಳ್ತಾನೇ ಇರ್ತಾಳೆ, ಅವನು ‘ಇಲ್ಲೇ ಇದೀನಿ’ ಅಂತಿರ್ತಾನೆ. ಅದು ಪ್ರೀತೀನೇ, ಇಲ್ಲ ಅನ್ನಲ್ಲ. ಆದ್ರೆ ಯಾರೋ ಒಂದ್ಸಲ ಬಿಟ್ಟು ಹೋಗಿದ್ರೆ ಮಾತ್ರ ಅಷ್ಟು ಸಲ ಕೇಳೋದು. ಭಯ ಮರ್ತಿಲ್ಲ ಅವಳಿಗೆ, ಯಾಕೆ ಭಯ ಅನ್ನೋದನ್ನ ಮರ್ತಿದಾಳೆ ಅಷ್ಟೇ. ಕಾರಣ ಗೊತ್ತಿಲ್ಲದ ಭಯ ತುಂಬಾ ಹಿಂಸೆ ರೀ, ಸಮಾಧಾನ ಹೇಳೋಕೂ ಆಗಲ್ಲ, ಯಾವುದಕ್ಕೆ ಅಂತ ಹೇಳ್ತೀರಾ? ಕಾರಣ ಗೊತ್ತಾಗಿ ಅಳೋದು ಅದಕ್ಕಿಂತ ವಾಸಿ.

ನೇಪಥ್ಯ

ಕೆಂಗೇರಿ ಮೇಡಂ ಬರ್ದಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನೀವು ಹೇಳಿದ್ದನ್ನೇ ಕಾರ್ನಾಡರು ‘ಹಯವದನ’ದಲ್ಲಿ ನಾಟಕ ಮಾಡಿದಾರೆ. 1971ರ ಸುಮಾರಿನ ನಾಟಕ, ಈಗ್ಲೂ ಬೆಂಗಳೂರಲ್ಲಿ ಯಾವ್ದಾದ್ರೂ ತಂಡ ಆಡ್ತಾನೇ ಇರುತ್ತೆ, ನಾನು ಲೈಟಿಂಗ್ ಕೆಲಸ ಮಾಡೋನು, ಒಂದು ತಂಡದ ಜೊತೆ ಈ ನಾಟಕ ಮಾಡಿದೀನಿ, ಹಾಗಾಗಿ ಮಾತುಗಳು ಕಿವೀಲಿ ಕೂತಿವೆ.

ಕತೆ ಎಲ್ರಿಗೂ ಗೊತ್ತಿರುತ್ತೆ, ಗಂಡ ದೇವದತ್ತ, ಅವನ ಗೆಳೆಯ ಕಪಿಲ ಇಬ್ರೂ ತಲೆ ಕಡ್ಕೊಂಡಾಗ ಪದ್ಮಿನಿ ಕಾಳಿ ಗುಡೀಲಿ ತಲೆ ಅದಲು ಬದಲು ಮಾಡಿ ಇಟ್ಟುಬಿಡ್ತಾಳೆ. ತಲೆ ಯಾರದೋ ಅವನೇ ಗಂಡ ಅಂತ ತೀರ್ಮಾನ ಆಗುತ್ತೆ. ಎಲ್ರೂ ಅಲ್ಲಿಗೆ ನಿಂತ್ಬಿಡ್ತಾರೆ, ಆದ್ರೆ ನಂಗೆ ಅದಕ್ಕಿಂತ ದೊಡ್ಡದು ಅನ್ಸೋದು ಎರಡನೇ ಅಂಕದ ಕಾಡಿನ ದೃಶ್ಯ. ಕಪಿಲ ಒಬ್ಬನೇ ಕಾಡಲ್ಲಿದಾನೆ, ಮೈ ದೇವದತ್ತನದು. ಆ ಮೈಗೆ ಪದ್ಮಿನಿ ಸ್ಪರ್ಶ ನೆನಪಿದೆ, ತಲೆಗೆ ಅದು ಏನು ಅಂತ ಗೊತ್ತಿಲ್ಲ, ಯಾಕಂದ್ರೆ ಅನುಭವಿಸಿದ್ದು ಆ ತಲೆ ಅಲ್ಲ. ಹೆಸರಿಲ್ಲದ ಮುಖ ಇಲ್ಲದ ನೆನಪುಗಳು. ಅವನು ಅದನ್ನೆಲ್ಲ ಕಷ್ಟಪಟ್ಟು ಮೈ ದಂಡಿಸಿ ಚರ್ಮದೊಳಗೆ ಹೂತು ಹಾಕಿದಾನೆ, ಪದ್ಮಿನಿ ಮಗೂನ ಎತ್ಕೊಂಡು ಬಂದು ನಿಲ್ತಾಳೆ, ಹೂತಿದ್ದನ್ನ ಯಾಕೆ ಅಗೆದೆ ಅಂತ ಅವನಿಗೆ ಸಂಕಟ. ನೋಡಿ, ಹೂತಿರೋದು, ಅಗೆಯೋದು, ಇಶಿಗುರೊ ಪುಸ್ತಕದ ಹೆಸರೇ ಅದಲ್ವಾ. ಆ ದೃಶ್ಯಕ್ಕೆ ನಾವು ಅವನ ಮುಖಕ್ಕೆ ಬೆಳಕು ಕಮ್ಮಿ ಮಾಡಿ ಕೈಗಳ ಮೇಲೆ ಮಾತ್ರ ಬಿಡ್ತಿದ್ವಿ, ಡೈರೆಕ್ಟರ್ ಹಠ ಮಾಡಿ ಹಾಗೆ ಮಾಡ್ಸಿದ್ರು, ಯಾಕಂದ್ರೆ ಅಲ್ಲಿ ಮಾತಾಡ್ತಿರೋದು ಕೈ ಅಂತ.

ಬರವಣಿಗೆ ಬಗ್ಗೆ ಕೇಳಿದ್ರಲ್ಲ, ‘ಪಿರಾನೇಸಿ’ ಓದಿ. ಸುಸಾನಾ ಕ್ಲಾರ್ಕ್ ಅವರದ್ದು, 2020ರಲ್ಲಿ ಬಂತು. ಮುಗಿಯದ ಹಜಾರಗಳು, ಪ್ರತಿಮೆಗಳು, ಒಳಗೇ ಉಕ್ಕೋ ಸಮುದ್ರ, ಅಂಥ ಮನೇಲಿ ಒಬ್ಬ ಇದಾನೆ, ತಾನು ಯಾರಾಗಿದ್ದೆ ಅಂತ ಮರ್ತಿದಾನೆ, ಮರ್ತಿದೀನಿ ಅನ್ನೋದೂ ಗೊತ್ತಿಲ್ಲ. ಅವನು ತುಂಬಾ ಶಿಸ್ತಾಗಿ ಡೈರಿ ಬರ್ದು ಅದಕ್ಕೆ ವಿಷಯಸೂಚಿ ಬೇರೆ ಮಾಡ್ಕೊಂಡಿರ್ತಾನೆ. ಒಂದು ದಿನ ಆ ಸೂಚಿ ನೋಡುವಾಗ ಅವನದೇ ಕೈಬರಹದಲ್ಲಿ ಅವನಿಗೇ ಗೊತ್ತಿಲ್ಲದ ಹೆಸರುಗಳು ಸಿಗ್ತವೆ. ಮರೆವನ್ನ ಒಳಗಿಂದ ಹೇಗೆ ಬರೀಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಪಾಠ ನಾನು ನೋಡಿಲ್ಲ. ಪಾತ್ರ ಮರ್ತಿದೆ ಅಂತ ಲೇಖಕಿ ಎಲ್ಲೂ ಹೇಳಲ್ಲ, ನಮಗೇ ಕಾಣುತ್ತೆ. ಇನ್ನೊಂದು ಏನಂದ್ರೆ, ಕೊನೇಲಿ ಅವನಿಗೆ ಹಳೇ ಬದುಕು ಸಿಕ್ಕಿದ್ರೂ ಅವನು ಹಳೇ ಮನುಷ್ಯ ಆಗಲ್ಲ, ಆ ಮನೆಯ ಪ್ರೀತಿ ಅವನಲ್ಲಿ ಉಳಿಯುತ್ತೆ. ನೆನಪು ವಾಪಸ್ ಬರೋದು ಅಂದ್ರೆ ಮೊದಲಿನ ಹಾಗೆ ಆಗೋದು ಅಂತಲ್ಲ.

ಸರ್ಜಾಪುರ ರೋಡ್

ಎಲ್ರೂ ಒಳ್ಳೇದು ಬರ್ದಿದೀರಾ, ಆದ್ರೆ ನಾನು ವಿಸ್ಟನ್ ಪರ ಮಾತಾಡ್ಬೇಕು, ಯಾರೂ ಮಾತಾಡ್ಲಿಲ್ಲ. ಇಶಿಗುರೊ ಈ ಕಾದಂಬರಿ ಬಗ್ಗೆ ಹೇಳುವಾಗ 1990ರ ದಶಕದ ಯುಗೊಸ್ಲಾವಿಯಾ, ರುವಾಂಡಾ ಹೆಸರು ಹೇಳಿದಾರೆ. ಪಕ್ಕದ ಮನೆಯೋರು ಪಕ್ಕದ ಮನೆಯೋರನ್ನ ಕೊಂದಿದ್ದು. ಹಳೇದನ್ನ ಮುಚ್ಚಿಟ್ಟಿದ್ರಿಂದ ಮುಂದಿನ ರಕ್ತಪಾತ ತಪ್ತಾ, ಇಲ್ಲ ಅದೇ ಒಳಗೊಳಗೆ ಬೆಳೀತಾ ಅನ್ನೋ ಪ್ರಶ್ನೆ ಅದು. ಪುಸ್ತಕ ಉತ್ತರ ಕೊಡಲ್ಲ, ಅದು ಸರೀನೇ. ಆದ್ರೆ ಮಂಜು ಇರ್ಲಿ ಅನ್ನೋ ಹಕ್ಕು ಯಾರಿಗಿದೆ? ಆರ್ಥರನ ಹಳೇ ಯೋಧ ಗವೇನ್ ಡ್ರ್ಯಾಗನ್ ಕಾಯ್ತಾ ಕೂತಿದಾನಲ್ಲ, ಅವನು ಕೊಂದೋರ ಕಡೆಯೋನು. ಕ್ಷಮಿಸಿ ಮರ್ತುಬಿಡೋಣ ಅಂತ ಕೊಂದೋರ ಕಡೆಯಿಂದ ಬಂದ್ರೆ ಅದಕ್ಕೆ ಬೆಲೆ ಇಲ್ಲ.

ಮಾರ್ಕೆಸ್ ಅವರ ‘ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್’ ಕಾದಂಬರೀಲಿ ಮಕೊಂಡೋ ಅನ್ನೋ ಊರಿಗೆ ಎರಡು ಮರೆವು ಬರುತ್ತೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೇದು ನಿದ್ದೆ ಬರದ ಪಿಡುಗು, ಎಲ್ರೂ ಮರೀತಾ ಹೋಗ್ತಾರೆ, ಕುರ್ಚಿ ಬಾಗಿಲು ಹಸು ಎಲ್ಲದಕ್ಕೂ ಹೆಸರು ಬರ್ದು ಅಂಟಿಸ್ತಾರೆ, ಹಸು ಕತ್ತಿಗೆ ಇದನ್ನ ದಿನಾ ಬೆಳಿಗ್ಗೆ ಕರೀಬೇಕು ಅಂತ ಬರ್ದು ಕಟ್ತಾರೆ. ಕಣಿ ಹೇಳ್ತಿದ್ದ ಪಿಲಾರ್ ಟೆರ್ನೆರಾ ಇಸ್ಪೀಟ್ ಎಲೆ ನೋಡಿ ಭವಿಷ್ಯದ ಬದಲು ಹಿಂದೆ ನಡೆದಿದ್ದನ್ನ ಹೇಳೋಕೆ ಶುರು ಮಾಡ್ತಾಳೆ! ಅದು ಇಡೀ ಊರು ಒಟ್ಟಿಗೆ ಅನುಭವಿಸಿದ ಮರೆವು, ಒಬ್ಬರಿಗೊಬ್ಬರು ಆಸರೆ ಆಗ್ತಾರೆ, ಔಷಧಿ ಸಿಕ್ಕಾಗ ವಾಸಿ ಆಗುತ್ತೆ. ಎರಡನೇದು ಬಾಳೆ ಕಂಪನಿ ಕೂಲಿಗಳ ಮೇಲೆ ಗುಂಡು ಹಾರಿಸಿದ್ದು. ಹೊಸೆ ಅರ್ಕಾದಿಯೊ ಸೆಗುಂದೊ ಹೆಣಗಳ ರೈಲಲ್ಲಿ ಎಚ್ಚರ ಆಗಿ ತಪ್ಪಿಸ್ಕೊಂಡು ಊರಿಗೆ ಬಂದು ಹೇಳಿದ್ರೆ, ಇಲ್ಲಿ ಯಾರೂ ಸತ್ತಿಲ್ಲ ಅಂತಾರೆ ಜನ. ಅದಕ್ಕೆ ಯಾವ ಮಾಟಾನೂ ಇಲ್ಲ, ಸರ್ಕಾರ ಹೇಳಿದ್ದಷ್ಟೇ. ಅದು ವಾಸಿ ಆಗಲ್ಲ. ಕೊಲಂಬಿಯಾದಲ್ಲಿ 1928ರಲ್ಲಿ ನಿಜಕ್ಕೂ ನಡೆದಿದ್ದು ಅದು. ಯೋಕೊ ಒಗಾವಾ ಅವರ ‘ದಿ ಮೆಮರಿ ಪೊಲೀಸ್’ನಲ್ಲಂತೂ ಕ್ಯಾಲೆಂಡರ್ ಮಾಯ ಆದ್ಮೇಲೆ ವಸಂತ ಬರೋದೇ ಇಲ್ಲ, ಹಿಮ ಬೀಳ್ತಾನೇ ಇರುತ್ತೆ, ಜನ ಅದಕ್ಕೂ ಒಗ್ಗಿಕೊಳ್ತಾರೆ. ಒಗ್ಗಿಕೊಳ್ಳೋದನ್ನ ನೆಮ್ಮದಿ ಅಂತ ಕರೀಬಾರ್ದು ಅನ್ನೋದು ನನ್ನ ವಾದ.

ಬೆಳ್ಳಂದೂರು ಓದುಗಿ

ಕೆಂಗೇರಿ ಅಕ್ಕ, ನೀವು ಹೇಳಿದ್ಮೇಲೆ ಪುಸ್ತಕ ಮತ್ತೆ ತೆಗ್ದು ನೋಡ್ದೆ, ಅವಳು ಎಷ್ಟು ಸಲ ಕೇಳ್ತಾಳೆ ಅಂತ. ಆ ಕಾಫಿ ಲೋಟದ ವಿಷಯ ಬರ್ದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಕ್ಕ. ಸರ್ಜಾಪುರ, ಹಕ್ಕಿನ ಮಾತು ಒಪ್ತೀನಿ. ಆದ್ರೆ ವಿಸ್ಟನ್ ಸತ್ಯ ಹೊರಗೆ ತರೋಕೆ ಮಾತ್ರ ಡ್ರ್ಯಾಗನ್ ಕೊಲ್ಲಲಿಲ್ಲ, ಸೇಡು ಶುರು ಆಗ್ಲಿ ಅಂತಾನೇ ಅವನ ರಾಜ ಕಳಿಸಿದ್ದು. ಎಡ್ವಿನ್ ಅನ್ನೋ ಆ ಹುಡುಗನ ಹತ್ರ ಬ್ರಿಟನ್ನರನ್ನೆಲ್ಲ ದ್ವೇಷ ಮಾಡ್ತೀನಿ ಅಂತ ಮಾತು ತಗೋತಾನೆ. ಮರೆಸೋಕೆ ಹೊರಟೋರದ್ದು ಒಂದು ಲಾಭ, ನೆನಪಿಸೋಕೆ ಬಂದೋರದ್ದು ಇನ್ನೊಂದು ಲಾಭ. ಇವೆರಡನ್ನೂ ಬಿಟ್ಟು ನೆನಪಿಟ್ಕೊಳ್ಳೋಕೆ ದಾರಿ ಇರೋ ಕತೆ ಯಾವ್ದಾದ್ರೂ ಇದ್ಯಾ? ಮೇಷ್ಟ್ರೇ?

ಗಾಂಧಿಬಜಾರ್ ಮೇಷ್ಟ್ರು

ಇದೆಯಮ್ಮ, ಕನ್ನಡದಲ್ಲೇ ಇದೆ, ಜನ್ನನ 'ಯಶೋಧರ ಚರಿತೆ'. 1209ರದ್ದು. ರಾಣಿ ಅಮೃತಮತಿ, ಮಾವುತ ಅಷ್ಟಾವಂಕರ ಪ್ರಸಂಗ ಪಠ್ಯದಲ್ಲಿ ಬರೋದ್ರಿಂದ ಎಲ್ರಿಗೂ ಅಷ್ಟು ಮಾತ್ರ ಗೊತ್ತು. ಇಡೀ ಕಾವ್ಯ ನಡೆಯೋದು ಜನ್ಮಾಂತರದ ನೆನಪಿನ ಮೇಲೆ.

ರಾಜ ಯಶೋಧರ ತಾಯಿ ಮಾತಿಗೆ ಹಿಟ್ಟಿನ ಕೋಳಿ ಬಲಿ ಕೊಡ್ತಾನೆ, ಸಂಕಲ್ಪ ಮಾಡಿದ್ದಕ್ಕೇ ಪಾಪ ಸುತ್ಕೊಂಡು, ಅಮೃತಮತಿ ಹಾಕಿದ ವಿಷಕ್ಕೆ ಸತ್ತು, ತಾಯಿ ಮಗ ಇಬ್ರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯ್ತಾರೆ. ಮೊದಲು ಮಗ ನವಿಲು, ತಾಯಿ ನಾಯಿ. ಕೊನೇ ಸುತ್ತಲ್ಲಿ ಇಬ್ರೂ ಕೋಳಿಗಳು. ಒಬ್ಬ ಮುನಿ ಧರ್ಮ ಹೇಳ್ತಿರೋದು ಪಂಜರದಲ್ಲಿದ್ದ ಇವುಗಳ ಕಿವಿಗೆ ಬಿದ್ದು ಹಿಂದಿನದೆಲ್ಲ ನೆನಪಾಗುತ್ತೆ. ಖುಷಿ ತಡೀಲಾರದೆ ಕೂಗ್ತವೆ. ಆ ಸದ್ದು ಕೇಳಿ ರಾಜ ಯಶೋಮತಿ, ಹೆಂಡ್ತಿಗೆ ತನ್ನ ಶಬ್ದವೇಧಿ ವಿದ್ಯೆ ತೋರಿಸೋಕೆ ಬಾಣ ಬಿಡ್ತಾನೆ, ಎರಡೂ ಸಾಯ್ತವೆ. ಆ ಯಶೋಮತಿ ಯಾರು? ಯಶೋಧರನ ಸ್ವಂತ ಮಗ. ನೆನಪು ಬಂದ ಕ್ಷಣದಲ್ಲೇ ಮಗನ ಕೈಯಿಂದ ಸಾವು. ಆಮೇಲೆ ಇಬ್ರೂ ಆ ಮಗನಿಗೇ ಮಕ್ಕಳಾಗಿ ಹುಟ್ತಾರೆ, ಅಭಯರುಚಿ, ಅಭಯಮತಿ. ಕೊಂದೋನೇ ಅಪ್ಪ, ಮಡಿಲಲ್ಲಿ ಕೂರಿಸ್ಕೊಳ್ತಾನೆ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಈ ಮಕ್ಕಳನ್ನ ಮಾರಿದತ್ತ ಅನ್ನೋ ರಾಜ ಚಂಡಮಾರಿಗೆ ಬಲಿ ಕೊಡೋಕೆ ಹಿಡಿಸ್ಕೊಂಡು ಬರ್ತಾನೆ, ಕತ್ತಿ ಹಿಡಿದು ನಿಂತಿದಾನೆ. ಅಭಯರುಚಿ ಅವನಿಗೆ ತಾನು ಸತ್ತ ಕತೆಗಳನ್ನೆಲ್ಲ ಒಂದೊಂದಾಗಿ ಹೇಳ್ತಾನೆ. ಯಾರ ಮೇಲೂ ಸೇಡು ಕೇಳಲ್ಲ. ಯಾವುದನ್ನೂ ಮುಚ್ಚಿಡೋದೂ ಇಲ್ಲ, ವಿಷ ಹಾಕಿದ ಹೆಂಡ್ತಿ, ಬಾಣ ಬಿಟ್ಟ ಮಗ, ತಾನೇ ಮಾಡಿದ ಹಿಟ್ಟಿನ ಕೋಳಿ ಬಲಿ, ಎಲ್ಲಾ ಬರುತ್ತೆ. ಕೇಳಿ ಮಾರಿದತ್ತ ಬಲಿ ನಿಲ್ಲಿಸ್ತಾನೆ. ಗವೇನ್ ದಾರಿಯಲ್ಲಿ ಬಾಯಿ ಮುಚ್ಚಿಸೋದಿದೆ, ವಿಸ್ಟನ್ ದಾರಿಯಲ್ಲಿ ಕತ್ತಿ ಇದೆ, ಇಲ್ಲಿ ಪೆಟ್ಟು ತಿಂದೋನೇ ಕೂತು ಪೂರ್ತಿ ಕತೆ ಹೇಳ್ತಾನೆ, ತನ್ನ ತಪ್ಪನ್ನೂ ಸೇರಿಸಿ. ಆದ್ರೆ ಒಂದು ಮಾತು, ಅದನ್ನ ಕೇಳೋಕೆ ಮಾರಿದತ್ತ ಸುಮ್ನೆ ನಿಂತಿದ್ದ ನೋಡು, ಎಲ್ಲಾ ಊರಲ್ಲೂ ಅಂಥ ಕಿವಿ ಸಿಗಲ್ಲ. ನಿನ್ನ ಕಾದಂಬರೀಲಿ ನೆನಪು ಉಳಿಸ್ಕೊಂಡಿರೋ ಪಾತ್ರ ಒಂದು ಇದ್ರೆ, ಅದು ಯಾರಿಗೆ ಹೇಳುತ್ತೆ ಅನ್ನೋದನ್ನ ಮೊದಲು ಗಟ್ಟಿ ಮಾಡ್ಕೋ.

ಬೆಳ್ಳಂದೂರು ಓದುಗಿ

ಕೋಳಿಗಳು ಕೂಗಿದ ಭಾಗ ಓದಿ ಕಣ್ಣಲ್ಲಿ ನೀರು ಬಂತು ಮೇಷ್ಟ್ರೇ. ನನ್ನ ಕತೇಲಿ ಒಬ್ಬ ಅಜ್ಜಿ ಇದಾಳೆ, ಮಳೆಗೆ ಮರೆಯದೋಳು, ಅವಳು ಯಾರಿಗೂ ಏನೂ ಹೇಳಲ್ಲ ಅಂತ ಇಟ್ಟಿದ್ದೆ. ಈಗ ಅವಳಿಗೆ ಒಬ್ಬ ಕೇಳೋನು ಬೇಕು, ಅವನು ಆ ಊರಿನೋನಾಗಿರ್ಬೇಕಾ ಹೊರಗಿನೋನಾಗಿರ್ಬೇಕಾ ಅಂತ ಯೋಚನೆ ಮಾಡ್ತಿದೀನಿ. ಹಳಗನ್ನಡ ನಂಗೆ ಓದೋಕೆ ಬರಲ್ಲ, ಜನ್ನನ್ನ ಗದ್ಯದಲ್ಲಿ ಓದ್ಬಹುದಾ?

ಗಾಂಧಿಬಜಾರ್ ಮೇಷ್ಟ್ರು

ಮೂಲ, ಜೊತೆಗೆ ಗದ್ಯಾನುವಾದ ಇರೋ ಪ್ರತಿ ತಗೋ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಲ್ಲಿ ವಿಚಾರಿಸು. ಪೂರ್ತಿ ಕಾವ್ಯ ಮುನ್ನೂರು ಚಿಲ್ಲರೆ ಪದ್ಯ ಅಷ್ಟೇ, ಹೆಚ್ಚಿನದೆಲ್ಲ ಕಂದ, ಅಂದ್ರೆ ನಾಲ್ಕೇ ಸಾಲಿನ ಪದ್ಯ, ಗದ್ಯ ಪಕ್ಕಕ್ಕಿಟ್ಕೊಂಡು ಒಂದೊಂದೇ ಗಟ್ಟಿಯಾಗಿ ಓದ್ತಾ ಹೋದ್ರೆ ಬೇಗ ಹಿಡಿತಕ್ಕೆ ಬರುತ್ತೆ. ಅದೇ ಕತೆ ಇಟ್ಕೊಂಡು ಕಾರ್ನಾಡರು ‘ಹಿಟ್ಟಿನ ಹುಂಜ’ ಬರ್ದಿದಾರೆ, ಅದು ಆಮೇಲೆ ಓದು. ಕೇಳೋನು ಊರಿನೋನೇ ಆಗಿರ್ಲಿ ಅನ್ನೋದು ನನ್ನ ಅಭಿಪ್ರಾಯ, ಹೊರಗಿನೋನಾದ್ರೆ ಕೇಳಿದ್ಮೇಲೆ ಎದ್ದು ಹೋಗಿಬಿಡಬಹುದು.

ತಿಗಳರಪೇಟೆ

ಊರಿನೋನಾದ್ರೆ ಮುಂದಿನ ಮಳೆಗೆ ಮರ್ತುಬಿಡ್ತಾನಲ್ಲ ಮೇಷ್ಟ್ರೇ? ಅಜ್ಜಿ ಮತ್ತೆ ಮೊದಲಿಂದ ಹೇಳ್ಬೇಕಾಗುತ್ತೆ.

ಬೆಳ್ಳಂದೂರು ಓದುಗಿ

ಹೇಳ್ಲಿ. ಪ್ರತಿ ಮಳೆ ಆದ್ಮೇಲೂ ಹೇಳ್ಲಿ. ಮೂರನೇ ಅಧ್ಯಾಯ ಅಲ್ಲಿಂದ ಶುರು ಮಾಡ್ತೀನಿ, ಬರೆದಾದ್ಮೇಲೆ ಇಲ್ಲೇ ಹಾಕ್ತೀನಿ, ಎಲ್ರೂ ಓದಿ ಹೇಳ್ಬೇಕು.